ಜಪಾನಿ ರಾಕ್: 1967ರ ಹಾಡಿಗೂ 1971ರ ಹಾಡಿಗೂ ಇಷ್ಟೊಂದು ಅಂತರ ಯಾಕೆ?

ಕಡಲತಡಿ (ಪ್ರಶ್ನೆ)

ಜಪಾನಿ ರಾಕ್ ಹಾಡುಗಳನ್ನು ಇಸವಿ ಪ್ರಕಾರ ಜೋಡಿಸಿ ಕೇಳುತ್ತಿದ್ದೇನೆ. ಬಹಳ ಜನರ ಹಾಗೆ ನನ್ನದೂ ಅನಿಮೆ ಹಾಡುಗಳಿಂದ ಹಿಂದಕ್ಕೆ ಹೋದ ದಾರಿ. ಒಂದು ಕಡೆ ಮಾತ್ರ ಕೊಂಡಿ ಸಿಗುತ್ತಿಲ್ಲ.

1967ರ ಬ್ಲೂ ಕಾಮೆಟ್ಸ್, ಟೈಗರ್ಸ್ ಹಾಡುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ, ಡ್ರಮ್ಸ್ ಇದೆ, ಉದ್ದ ಕೂದಲಿನ ಹುಡುಗರೂ ಇದ್ದಾರೆ. ಆದರೂ ಕಿವಿಗೆ ಅದು ಆ ಕಾಲದ ಸಿನಿಮಾ ಹಾಡು. ನಾಲ್ಕೇ ವರ್ಷ ದಾಟಿದರೆ 1971ರಲ್ಲಿ ಫ್ಲವರ್ ಟ್ರ್ಯಾವೆಲಿನ್ ಬ್ಯಾಂಡಿನ ‘ಸತೋರಿ’, ಹ್ಯಾಪಿ ಎಂಡ್‌ನ ‘ಕಜೆಮಾಚಿ ರೋಮನ್’. ಒಂದು ಎದೆಗೆ ಗುದ್ದುವ ಹೆವಿ ರಾಕ್, ಇನ್ನೊಂದು ಮೆಲ್ಲನೆ ಮಾತಾಡುವಂಥದ್ದು. ಹಿಂದಿನದರ ಜೊತೆ ಎರಡಕ್ಕೂ ನಂಟೇ ಇಲ್ಲ ಅನ್ನಿಸುತ್ತದೆ. ನಡುವೆ ಏನಾಯಿತು?

ಭಾಷೆಯ ವಿಚಾರಕ್ಕೆ ಒಂದು ದೊಡ್ಡ ವಾಗ್ವಾದ ನಡೆಯಿತು ಎಂಬ ಒಂದು ಸಾಲು ಎಲ್ಲ ಕಡೆ ಬರುತ್ತದೆ, ಅದರ ತಿರುಳನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆಮೇಲೆ, 80ರ ದಶಕದಲ್ಲಿ ಎಕ್ಸ್‌ನಂಥ (ಮುಂದೆ ಎಕ್ಸ್ ಜಪಾನ್) ಬ್ಯಾಂಡ್ ಸ್ವಂತ ಲೇಬಲ್ ಕಟ್ಟಿಕೊಂಡು ಮೇಲೆ ಬಂದದ್ದು ಹೇಗೆ? ಈಗಿನ ಅನಿಮೆ ರಾಕ್ ಎಲ್ಲ ಒಂದೇ ಅಚ್ಚಿನದು ಅನ್ನಿಸುವುದು ಯಾಕೆ? ಗಿಟಾರ್ ಹಿಡಿದವರಿಗಷ್ಟೇ ಬೇಕಾಗುವ ವಿವರ ಆದರೂ ಬರೆಯಿರಿ.

ಹಳೇ ತಟ್ಟೆ

ಹಾಡು ಬರೆಯುತ್ತಿದ್ದವರು ಯಾರು ಎಂದು ನೋಡಿ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಯುದ್ಧ ಮುಗಿದ ಮೇಲೆ ಅಮೆರಿಕನ್ ಸೇನಾ ನೆಲೆಗಳ ಕ್ಲಬ್ಬುಗಳಲ್ಲಿ ಜಾಝ್, ಕಂಟ್ರಿ ನುಡಿಸಿ ಹೊಟ್ಟೆ ಹೊರೆದ ಜಪಾನಿ ವಾದ್ಯಗಾರರು ಒಂದು ತಲೆಮಾರಿನಷ್ಟಿದ್ದರು. ಆ ಕಂಟ್ರಿ ಬ್ಯಾಂಡುಗಳಿಂದ ರಾಕಬಿಲಿ (ಕಂಟ್ರಿ ಬೆರೆತ ಮೊದಮೊದಲ ರಾಕ್) ಬಂತು. 1958ರ ಫೆಬ್ರವರಿಯಲ್ಲಿ ಟೋಕಿಯೊದ ನಿಚಿಗೆಕಿ ರಂಗಮಂದಿರದಲ್ಲಿ ನಡೆದ ವೆಸ್ಟರ್ನ್ ಕಾರ್ನಿವಲ್‌ನಲ್ಲಿ ಮಸಾಕಿ ಹಿರಾವೊ, ಮಿಕ್ಕಿ ಕರ್ಟಿಸ್, ಕೇಜಿರೊ ಯಮಾಶಿತಾ ಮೂವರೂ ರಾತ್ರೋರಾತ್ರಿ ತಾರೆಗಳಾದರು. ಹಾಡಿದ್ದು ಬಹುಪಾಲು ಅಮೆರಿಕನ್ ಹಾಡುಗಳ ನಕಲು.

1965ರಲ್ಲಿ ಅಮೆರಿಕದ ಗಿಟಾರ್ ಬ್ಯಾಂಡ್ ವೆಂಚರ್ಸ್ ಬಂದು ಹೋದ ಮೇಲೆ ‘ಎರೆಕಿ’ ಜ್ವರ ಹತ್ತಿತು. ಎರೆಕಿ ಅಂದರೆ ಎಲೆಕ್ಟ್ರಿಕ್ ಗಿಟಾರ್. ಇದು ಬರೀ ವಾದ್ಯಸಂಗೀತ. ಎರಡು ಗಿಟಾರ್, ಬೇಸ್, ಡ್ರಮ್ಸ್ ಸಾಕು, ಗಾಯಕ ಬೇಡ, ಹಾಗಾಗಿ ಯಾವ ಭಾಷೆಯಲ್ಲಿ ಹಾಡಬೇಕೆಂಬ ತಲೆನೋವೂ ಇರಲಿಲ್ಲ. ಟೈಸ್ಕೊ, ಗುಯಾಟೋನ್ ಕಂಪನಿಗಳು ಅಗ್ಗದ ಗಿಟಾರುಗಳನ್ನು ಮಾರುಕಟ್ಟೆಗೆ ಸುರಿದವು. ಫ್ಯೂಜಿ ಟೀವಿ ಅದೇ ವರ್ಷ ಗಿಟಾರ್ ಬ್ಯಾಂಡುಗಳ ಸ್ಪರ್ಧೆ ಶುರು ಮಾಡಿತು. ತೊಚಿಗಿ ಪ್ರಾಂತದ ಅಶಿಕಾಗಾ ಊರಿನ ಶಿಕ್ಷಣ ಮಂಡಳಿ ವಿದ್ಯಾರ್ಥಿಗಳಿಗೆ ಎರೆಕಿ ನಿಷೇಧಿಸಿದ್ದೂ 1965ರಲ್ಲೇ. ಜ್ವರ ಎಷ್ಟಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮರುವರ್ಷ, 1966ರ ಜೂನ್ 30ರಿಂದ ಜುಲೈ 2ರವರೆಗೆ, ಬೀಟಲ್ಸ್ ಟೋಕಿಯೊದ ಬುಡೊಕಾನ್ ಸಭಾಂಗಣದಲ್ಲಿ ಐದು ಕಛೇರಿ ಕೊಟ್ಟರು. ಆಮೇಲೆ ನುಡಿಸಿದರೆ ಸಾಲದು, ಹಾಡಲೂಬೇಕು ಎಂದಾಯಿತು. ಇಲ್ಲಿಂದ ಗ್ರೂಪ್ ಸೌಂಡ್ಸ್, ಅಂದರೆ ಬ್ಲೂ ಕಾಮೆಟ್ಸ್, ಟೈಗರ್ಸ್ ತರಹದ ಹಾಡುವ ಗಿಟಾರ್ ಬ್ಯಾಂಡುಗಳ ಕಾಲ.

ಆಗ ಜಪಾನಿನಲ್ಲಿ ಗೀತರಚನಕಾರರೂ ಸಂಯೋಜಕರೂ ಒಂದೊಂದು ರೆಕಾರ್ಡ್ ಕಂಪನಿಗೆ ಕರಾರಿನಿಂದ ಕಟ್ಟುಬಿದ್ದವರು. ಕೊಲಂಬಿಯಾದ ಆಸ್ಥಾನ ಸಂಯೋಜಕ ವಿಕ್ಟರ್‌ನ ಗಾಯಕನಿಗೆ ಬರೆಯುವ ಹಾಗಿಲ್ಲ. ಆದರೆ ಅದೇ ಕಂಪನಿಗಳು ಹೊರದೇಶದ ಹಾಡು ಮಾರುವುದಕ್ಕೆ ಬೇರೆ ಲೇಬಲ್‌ಗಳನ್ನು ಇಟ್ಟುಕೊಂಡಿದ್ದವು, ಅಲ್ಲಿ ಈ ಕಟ್ಟು ಇರಲಿಲ್ಲ. ಬ್ಲೂ ಕಾಮೆಟ್ಸ್ ಕೊಲಂಬಿಯಾದ ಸಿಬಿಎಸ್ ಲೇಬಲ್‌ನಲ್ಲಿ ಬಂದರು, ಸ್ಪೈಡರ್ಸ್ ಮತ್ತು ಟೆಂಪ್ಟರ್ಸ್ ಫಿಲಿಪ್ಸ್‌ನಲ್ಲಿ. ಬ್ಲೂ ಕಾಮೆಟ್ಸ್ ‘ಅಓಯಿ ಹಿತೊಮಿ’ಯನ್ನು 1966ರಲ್ಲಿ ಮೊದಲು ಇಂಗ್ಲಿಷಿನಲ್ಲಿ ತಂದು, ಆಮೇಲೆ ಜಪಾನಿಯಲ್ಲಿ ಹಾಡಿದ್ದು ಇದೇ ಹಿನ್ನೆಲೆಯಲ್ಲಿ. ಆ ಸಂದಿಯಲ್ಲಿ ಸ್ವತಂತ್ರ ಸಂಯೋಜಕರು ಒಳಬಂದರು. ಟೈಗರ್ಸ್‌ಗೆ ರಾಗ ಹಾಕಿದ ಕೊಯಿಚಿ ಸುಗಿಯಾಮ ಅಂಥವರು. ಮುಂದೆ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಆಟಕ್ಕೆ ಸಂಗೀತ ಕೊಟ್ಟವರೂ ಇವರೇ.

ಹಳೆಯ ಕರಾರು ಸಡಿಲವಾಯಿತು, ಆದರೆ ಲೇಖನಿ ಬ್ಯಾಂಡಿನ ಕೈಗೆ ಪೂರ್ತಿ ಬರಲಿಲ್ಲ. ವೇದಿಕೆ ಮೇಲೆ ಬ್ಲೂಸ್ ಬಾರಿಸುತ್ತಿದ್ದ ಯೊಕೊಹಾಮದ ಗೋಲ್ಡನ್ ಕಪ್ಸ್ ಕೂಡ ಸಿಂಗಲ್ಸ್‌ಗೆ ಬೇರೆಯವರು ಬರೆದ ಮಧುರಗೀತೆ ಹಾಡಬೇಕಾಯಿತು. ನಿಮ್ಮ ಕಿವಿಗೆ ‘ಸಿನಿಮಾ ಹಾಡು’ ಅನ್ನಿಸಿದ್ದು ತಪ್ಪೇನಲ್ಲ. ಕಂಪನಿಗಳು ಒಂದೇ ಬಗೆಯ ಹಾಡು ಹೊಸೆದು ಹೊಸೆದು ಕೊಟ್ಟವು, 1970ರ ಹೊತ್ತಿಗೆ ಕೇಳುವವರಿಗೆ ಸಾಕಾಗಿತ್ತು. 1971ರ ಜನವರಿಯಲ್ಲಿ ಟೈಗರ್ಸ್ ಬುಡೊಕಾನ್‌ನಲ್ಲಿ ವಿದಾಯ ಹೇಳಿದರು.

ಅಷ್ಟರಲ್ಲಿ ಇನ್ನೊಂದು ಹೊಳೆ ಬೇರೆ ಕಡೆಯಿಂದ ಹರಿಯುತ್ತಿತ್ತು. ಕ್ಯೋಟೊದ ಫೋಕ್ ಕ್ರುಸೇಡರ್ಸ್ 1967ರಲ್ಲಿ ತಮ್ಮದೇ ದುಡ್ಡಿನಲ್ಲಿ 300 ಪ್ರತಿಯ ಎಲ್‌ಪಿ ಮಾಡಿಸಿದರು. ಅದರಲ್ಲಿದ್ದ ಒಬ್ಬ ಕುಡುಕನ ಹಾಡು ರೇಡಿಯೊದಲ್ಲಿ ಹಬ್ಬಿ, ವರ್ಷದ ಕೊನೆಗೆ ತೊಶಿಬಾ ಸಿಂಗಲ್ ಆಗಿ ತಂದಾಗ ಹತ್ತು ಲಕ್ಷ ದಾಟಿ ಮಾರಾಟವಾಯಿತು. ಟೇಪನ್ನು ವೇಗವಾಗಿ ಓಡಿಸಿ ಧ್ವನಿಯನ್ನು ಕೀರಲು ಮಾಡಿದ್ದರು, ಸ್ಟುಡಿಯೊ ಕೈಚಳಕ ಅಷ್ಟೆ. ಆದರೆ ಸ್ವಂತ ಹಾಡು, ಸ್ವಂತ ಧ್ವನಿಮುದ್ರಣ ಮಾಡಿಯೂ ಗೆಲ್ಲಬಹುದು ಎಂದು ಎಲ್ಲರಿಗೂ ಗೊತ್ತಾಯಿತು. 1969ರಲ್ಲಿ ಸದಸ್ಯರಿಗೆ ಅಂಚೆಯಲ್ಲಿ ರೆಕಾರ್ಡ್ ಕಳಿಸುವ ಯುಆರ್‌ಸಿ ಲೇಬಲ್ ಹುಟ್ಟಿತು. ಹ್ಯಾಪಿ ಎಂಡ್‌ನ ಮೊದಲ ಆಲ್ಬಂ ಬಂದದ್ದು ಅಲ್ಲಿಂದ, 1970ರ ಆಗಸ್ಟ್‌ನಲ್ಲಿ. 1967ರಿಂದ 1971ಕ್ಕೆ ಕೊಂಡಿ ಹುಡುಕುವವರು ಗ್ರೂಪ್ ಸೌಂಡ್ಸ್ ಬಿಟ್ಟು ಕ್ಯೋಟೊ, ಒಸಾಕಾ ಇರುವ ಕನ್ಸಾಯ್ ಸೀಮೆಯ ಈ ಫೋಕ್ ಕಡೆ ನೋಡಬೇಕು.

ಮಾತ್ರಾಗಣ

‘ಹಳೇ ತಟ್ಟೆ’ಯವರು ನೆಲ ಹಸನು ಮಾಡಿಕೊಟ್ಟರು. ಜಪಾನಿ ಭಾಷೆಯಲ್ಲಿ ರಾಕ್ ಹಾಡಬಹುದೇ ಎಂಬ ಆ ವಾಗ್ವಾದದ ಬಗ್ಗೆ ನಾನು ಬರೆಯುತ್ತೇನೆ. ಇದನ್ನು ಕನ್ನಡ ಛಂದಸ್ಸು ಓದಿದವರು ಬೇಗ ಹಿಡಿಯಬಲ್ಲರು.

ಜಪಾನಿ ಭಾಷೆಯ ಅಳತೆ ಹೆಚ್ಚುಕಡಿಮೆ ನಮ್ಮ ಮಾತ್ರೆಯೇ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಪದದ ನಡುವಿನ ಒತ್ತಿಗೆ ಒಂದು, ಕೊನೆಯ ‘ನ್’ಗೆ ಒಂದು. ‘ನಿಪ್ಪೊನ್’ ಎಂಬುದನ್ನು ಅವರು ನಿ-ಪ್-ಪೊ-ನ್ ಎಂದು ನಾಲ್ಕು ಎಣಿಸುತ್ತಾರೆ. ನಾವು ಎರಡು ಗುರು ಹಾಕಿ ನಾಲ್ಕೇ ಎಣಿಸುತ್ತೇವೆ. ವ್ಯತ್ಯಾಸ ಇರುವುದು ಹಾಡುವಾಗ: ಸಾಂಪ್ರದಾಯಿಕ ಜಪಾನಿ ಹಾಡಿನಲ್ಲಿ ಒಂದೊಂದು ಮಾತ್ರೆಗೂ ಒಂದೊಂದು ಸ್ವರ, ಆ ಒಂಟಿ ‘ನ್’ಗೂ ಕೂಡ.

ಈಗ ರಾಕ್‌ನ ಒಂದು ಬಾರ್ (ನಾಲ್ಕು ಪೆಟ್ಟಿನ ಒಂದು ಆವರ್ತ) ತೆಗೆದುಕೊಳ್ಳಿ, ಎಂಟು ಎಂಟನೇ ಸ್ವರಗಳು. ಇಂಗ್ಲಿಷಿನಲ್ಲಿ ಒಂದೊಂದು ಸ್ವರದ ಮೇಲೆ ಒಂದೊಂದು ಇಡೀ ಪದ ಕೂರುತ್ತದೆ, ವ್ಯಂಜನಗಳೆಲ್ಲ ಒಟ್ಟಿಗೆ ಒತ್ತಿಕೊಂಡು. ಬೇಕಾದರೆ ಏಳೆಂಟು ಪದ ಹೇಳಿ ಮುಗಿಸಬಹುದು. ಜಪಾನಿಯಲ್ಲಿ ಎಂಟು ಮಾತ್ರೆಗೆ ಎರಡು ಪದ, ಹೆಚ್ಚೆಂದರೆ ಮೂರು. ವಿಭಕ್ತಿ ಪ್ರತ್ಯಯಗಳೂ ಜಾಗ ತಿನ್ನುತ್ತವೆ. ಮೇಲಾಗಿ ಇಂಗ್ಲಿಷಿನ ಬಲಾಘಾತ ಎರಡನೇ ಮತ್ತು ನಾಲ್ಕನೇ ಪೆಟ್ಟಿನ ಸ್ನೇರ್ ಡ್ರಮ್ ಜೊತೆ ತಾನಾಗಿ ಕೂಡುತ್ತದೆ, ಜಪಾನಿಯಲ್ಲಿ ಅಂಥ ಗುದ್ದು ಇಲ್ಲ, ಸ್ವರದ ಏರಿಳಿತ ಮಾತ್ರ. ಅಭ್ಯಾಸಬಲದಿಂದ ಹಳೆಯ ಜಪಾನಿ ಪದ್ಯದ ಏಳು-ಐದು ಮಾತ್ರೆಯ ಸಾಲು ಬರೆದರೋ, ಏಳು ಮಾತ್ರೆಗೆ ಒಂದು ಬಿಡುವು, ಐದಕ್ಕೆ ಮೂರು ಬಿಡುವು ಸೇರಿ ಎಂಟೆಂಟರ ಚೌಕಟ್ಟಿನಲ್ಲಿ ಗೂಟ ಹೊಡೆದ ಹಾಗೆ ನಿಲ್ಲುತ್ತದೆ. ಕೇಳಿದರೆ ಎಂಕಾ (ಹಳೇ ಧಾಟಿಯ ಶೋಕದ ಜನಪ್ರಿಯ ಹಾಡು), ಇಲ್ಲವೇ ಕವಾಯತಿನ ಹಾಡು. ರಾಕ್‌ನ ತೂಗಾಟ ಮಾಯ.

ರಾಕ್ ಗಾಯಕ ಯೂಯಾ ಉಚಿದಾ ಹೇಳುತ್ತಿದ್ದದ್ದು ಇದನ್ನೇ: ಜಪಾನಿ ಭಾಷೆ ರಾಕ್‌ಗೆ ಹೊಂದುವುದಿಲ್ಲ, ಹೊರದೇಶದಲ್ಲಿ ಗೆಲ್ಲಬೇಕಾದರಂತೂ ಇಂಗ್ಲಿಷೇ ಬೇಕು. ಫ್ಲವರ್ ಟ್ರ್ಯಾವೆಲಿನ್ ಬ್ಯಾಂಡ್ ಅವರು ಕಟ್ಟಿ ನಿರ್ಮಾಪಕರಾಗಿ ಬೆಳೆಸಿದ ಗುಂಪು. ಅದು ಇಂಗ್ಲಿಷಿನಲ್ಲಿ ಹಾಡಿತು, ಕೆನಡಾಕ್ಕೂ ಹೋಗಿ ನೆಲೆಸಿತು. ಉಚಿದಾರ ಮಾತನ್ನು ಬರೀ ಹಟ ಎಂದು ತಳ್ಳಿಹಾಕುವುದು ಅನ್ಯಾಯ. ‘ಸತೋರಿ’ಯಲ್ಲಿ ಜೋ ಯಮನಾಕಾ ಹಾಡುವ ಪದಗಳು ತೀರ ಕಡಿಮೆ, ಕೂಗು ಮತ್ತು ಹಿದೆಕಿ ಇಶಿಮಾರ ಗಿಟಾರ್ ಸೇರಿ ಕೆಲಸ ಮುಗಿಸುತ್ತವೆ. ಭಾಷೆಯನ್ನು ಪಕ್ಕಕ್ಕಿಡುವುದೂ ಒಂದು ದಾರಿ, ಅವರು ಅದನ್ನು ಕೊನೆಯವರೆಗೆ ನಡೆದರು. ಇಶಿಮಾ ಮುಂದೆ ಸಿತಾರ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಬೆಸೆದ ‘ಸಿತಾರ್ಲಾ’ ಎಂಬ ವಾದ್ಯವನ್ನೇ ನುಡಿಸತೊಡಗಿದರು.

ಹ್ಯಾಪಿ ಎಂಡ್‌ನ ನಾಲ್ವರು ಹರುಓಮಿ ಹೊಸೊನೊ, ಎಯಿಚಿ ಓಟಾಕಿ, ತಕಾಶಿ ಮತ್ಸುಮೊತೊ, ಶಿಗೆರು ಸುಜುಕಿ. ಅವರು ಬೇರೆ ದಾರಿ ತುಳಿದರು. 1970-71ರಲ್ಲಿ ‘ನ್ಯೂ ಮ್ಯೂಸಿಕ್ ಮ್ಯಾಗಜೀನ್’ ಮುಂತಾದ ಪತ್ರಿಕೆಗಳ ಚರ್ಚೆಗಳಲ್ಲಿ ಎರಡು ಕಡೆಯವರೂ ಎದುರುಬದುರು ಕೂತರು. ಆದರೆ ನಿಜವಾದ ಉತ್ತರ ಇರುವುದು ರೆಕಾರ್ಡಿನಲ್ಲಿ. ಅವರು ಮಾಡಿದ್ದನ್ನು ಮೂರಾಗಿ ಬಿಡಿಸಬಹುದು.

ಡ್ರಮ್ಮರ್ ಮತ್ಸುಮೊತೊ ಗೀತರಚನಕಾರ ಕೂಡ. ಅವರು ಏಳು-ಐದನ್ನು ಬಿಟ್ಟರು. ‘ಕಜೆ ಒ ಅತ್ಸುಮೆತೆ’ಯಲ್ಲಿ ಸಾಲಿನ ಕೊನೆಗೆ ಮಾತಿನ ವಿನಯರೂಪದ ಕ್ರಿಯಾಪದ ಬರುತ್ತದೆ, ಎದುರು ಕೂತವರಿಗೆ ಹೇಳಿದ ಹಾಗೆ. ರಾಕ್‌ನಲ್ಲಿ ಹಾಗೆ ಮುಗಿಸುವುದು ಅಪರೂಪ. ಎರಡನೆಯದು ಪದ ಒಡೆಯುವುದು. ಓಟಾಕಿ ಒಂದು ಪದವನ್ನು ಅರ್ಥದ ಗಡಿಯಲ್ಲಿ ಕತ್ತರಿಸದೆ ತಾಳದ ಗಡಿಯಲ್ಲಿ ಕತ್ತರಿಸುತ್ತಾರೆ, ಪದದ ಬಾಲ ಮುಂದಿನ ಬಾರಿಗೆ ಬೀಳುತ್ತದೆ. ಮೊದಲ ಸಲ ಕೇಳುವ ಜಪಾನಿಯರಿಗೇ ಪದ ತಕ್ಷಣ ಹತ್ತುವುದಿಲ್ಲ, ಆದರೆ ಸ್ವರ ಹಾರಿ ಹಾರಿ ಕೂರುತ್ತದೆ. ಮೂರನೆಯದು ಹೊಸೊನೊರ ದಾರಿ, ಅವರು ಕಿರುಚುವುದೇ ಇಲ್ಲ. ತಗ್ಗು ಸ್ಥಾಯಿಯಲ್ಲಿ ಮಾತಿನ ವೇಗದಲ್ಲಿ ಹಾಡಿದರೆ ಬಲಾಘಾತದ ಕೊರತೆ ದೋಷವಾಗಿ ಕಾಣುವುದಿಲ್ಲ.

ಇಲ್ಲಿಂದ ಮುಂದೆ ಎಲ್ಲರೂ ತಮ್ಮ ತಮ್ಮ ಪರಿಹಾರ ಕಂಡುಕೊಂಡರು. 1972ರ ಕ್ಯಾರಲ್ ಬ್ಯಾಂಡಿನಲ್ಲಿ ಎಯ್ಕಿಚಿ ಯಜಾವಾ ಜಪಾನಿ ಸಾಲಿನ ನಡುವೆ ಇಂಗ್ಲಿಷ್ ತುಂಡು ಸೇರಿಸಿ ಎರಡನ್ನೂ ಒಂದೇ ಉಚ್ಚಾರಣೆಯಲ್ಲಿ ಹಾಡಿದರು. 1978ರಲ್ಲಿ ಸದರ್ನ್ ಆಲ್ ಸ್ಟಾರ್ಸ್‌ನ ಕೇಯ್ಸುಕೆ ಕುವಾತಾ ಅಕ್ಷರಗಳನ್ನು ನುಂಗಿ, ಒಂದು ಸ್ವರಕ್ಕೆ ಎರಡು ಮೂರು ಮಾತ್ರೆ ತುರುಕಿದರು. ಇವತ್ತಿನ ಅನಿಮೆ ಹಾಡಿನ ಗಾಯಕ ಸಾಲನ್ನು ಅಷ್ಟು ಸಲೀಸಾಗಿ ಓಡಿಸುವುದು ಇವರೆಲ್ಲ ಮಾಡಿಟ್ಟ ದಾರಿಯಲ್ಲಿ. ಮತ್ಸುಮೊತೊ ಮಾತ್ರ ಡ್ರಮ್ಸ್ ಬಿಟ್ಟು ಪೂರ್ಣಾವಧಿ ಗೀತರಚನಕಾರರಾದರು, 80ರ ದಶಕದಲ್ಲಿ ಪಾಪ್ ಗಾಯಕಿ ಸೇಯ್ಕೊ ಮತ್ಸುದಾರ ಎಷ್ಟೋ ಹಾಡುಗಳು ಅವರ ಲೇಖನಿಯವು. ರಾಕ್‌ನಲ್ಲಿ ಗೆದ್ದ ಭಾಷೆ ಹಾಗೆ ಇಡೀ ಜಪಾನಿ ಪಾಪ್‌ಗೆ ಹರಡಿತು.

ಆರುತಂತಿ

ನಾನು ಲೈವ್ ಹೌಸ್, ಎಕ್ಸ್, ಗಿಟಾರ್, ಈ ಮೂರರ ಬಗ್ಗೆ ಬರೀತೀನಿ.

ಲೈವ್ ಹೌಸ್ ಅಂದ್ರೆ ನೂರರಿಂದ ಮುನ್ನೂರು ಜನ ಹಿಡಿಯೋ ಚಿಕ್ಕ ಜಾಗ. ಕ್ಯೋಟೊದಲ್ಲಿ ಜಿತ್ತೊಕು 1973ರಲ್ಲಿ, ತಕುತಕು 1974ರಲ್ಲಿ ಶುರುವಾದವು, ಎರಡೂ ಹಳೇ ಸಾಕೆ ಉಗ್ರಾಣಗಳು, ದಪ್ಪ ಮಣ್ಣಿನ ಗೋಡೆ ಇರೋದ್ರಿಂದ ಸದ್ದು ಹೊರಗೆ ಹೋಗಲ್ಲ. ಟೋಕಿಯೊದ ಶಿಂಜುಕು ಲಾಫ್ಟ್ 1976ರದ್ದು. ಇಂಥ ಎಷ್ಟೋ ಜಾಗಗಳು ಕಾನೂನಿನ ಲೆಕ್ಕದಲ್ಲಿ ರಂಗಮಂದಿರ ಅಲ್ಲ, ತಿಂಡಿ-ಪಾನೀಯದ ಅಂಗಡಿ. ಅದಕ್ಕೇ ಇವತ್ತಿಗೂ ಟಿಕೆಟ್ ಮೇಲೆ ಡ್ರಿಂಕ್ ಶುಲ್ಕ ಕಡ್ಡಾಯ. ಹೋಗೋರು ಇದನ್ನ ಚಿಲ್ಲರೆ ಆಗಿ ಕೈಯಲ್ಲಿ ಇಟ್ಕೊಂಡಿರಿ.

ಬ್ಯಾಂಡಿಗೆ ಇರೋ ಹೊರೆ ‘ನೊರುಮಾ’, ಅಂದ್ರೆ ಇಷ್ಟು ಟಿಕೆಟ್ ಮಾರಲೇಬೇಕು ಅನ್ನೋ ಕೋಟಾ. ಲೆಕ್ಕ ಹೀಗೆ: 2,000 ಯೆನ್‌ನ 15 ಟಿಕೆಟ್ ನಿಮ್ಮ ತಲೆಗೆ, ಒಟ್ಟು 30,000. ಐದು ಮಾತ್ರ ಹೋದ್ರೆ ಉಳಿದ ಹತ್ತರ 20,000 ನೀವೇ ಕಟ್ಟಬೇಕು, ನಾಲ್ಕು ಜನ ಇದ್ರೆ ತಲಾ 5,000. ಹದಿನೈದು ದಾಟಿದ ಮೇಲೆ ಮಾತ್ರ ನಿಮಗೆ ಪಾಲು ಶುರು, ಸಾಮಾನ್ಯವಾಗಿ ಅರ್ಧ. ಒಂದು ಸಂಜೆಗೆ ನಾಲ್ಕೈದು ಬ್ಯಾಂಡ್, ಒಬ್ಬೊಬ್ಬರಿಗೆ ಅರ್ಧ ಗಂಟೆ. ಕೆಡೋದು ಎಲ್ಲಿ ಅಂದ್ರೆ, ಗೆಳೆಯರೇ ಟಿಕೆಟ್ ತಗೊಳ್ತಾರೆ, ತಮ್ಮ ಗೆಳೆಯನ ಸರದಿ ಮುಗೀತಿದ್ದ ಹಾಗೆ ಎದ್ದು ಹೋಗ್ತಾರೆ, ಹೊಸ ಕೇಳುಗರು ಸಿಗಲ್ಲ. ಹೀಗಾಗಿ ತಮ್ಮದೇ ಅಭಿಮಾನಿ ಪಡೆ ಕಟ್ಟಿಕೊಂಡ ಬ್ಯಾಂಡ್ ಮಾತ್ರ ಉಳಿಯುತ್ತೆ.

ಎಕ್ಸ್ ಅರ್ಥ ಆಗಬೇಕಂದ್ರೆ ಈ ಲೆಕ್ಕ ತಲೇಲಿ ಇರ್ಬೇಕು. ಎಕ್ಸ್‌ನ ಡ್ರಮ್ಮರ್, ಚಿಬಾ ಪ್ರಾಂತದ ತತೆಯಾಮದ ಯೊಶಿಕಿ 1986ರಲ್ಲಿ ಎಕ್ಸ್ಟಸಿ ರೆಕಾರ್ಡ್ಸ್ ಅನ್ನೋ ಸ್ವಂತ ಲೇಬಲ್ ತೆರೆದ್ರು. 1988ರ ಏಪ್ರಿಲ್‌ನಲ್ಲಿ ‘ವ್ಯಾನಿಷಿಂಗ್ ವಿಷನ್’ ಅಲ್ಲಿಂದಲೇ ಬಂತು. ಸರಿಯಾಗಿ ಒಂದು ವರ್ಷಕ್ಕೆ ‘ಬ್ಲೂ ಬ್ಲಡ್’ ಸಿಬಿಎಸ್ ಸೋನಿಯಿಂದ. ಅಂದ್ರೆ ದೊಡ್ಡ ಕಂಪನಿ ಹತ್ರ ಹೋಗೋ ಹೊತ್ತಿಗೆ ಅವರ ಹತ್ರ ಆಲ್ಬಂ, ಕೇಳುಗರು, ವೇಷ ಎಲ್ಲ ಸಿದ್ಧ ಇತ್ತು. ತಿದ್ದೋದಕ್ಕೆ ಕಂಪನಿಗೆ ಏನೂ ಉಳಿದಿರಲಿಲ್ಲ. ಲೂನಾ ಸೀ, ಗ್ಲೇ ಎರಡೂ ಬ್ಯಾಂಡನ್ನ ಮೊದಲು ಹಿಡಿದಿದ್ದು ಎಕ್ಸ್ಟಸಿಯೇ. 1999ರ ಜುಲೈ 31ಕ್ಕೆ ಮಕುಹಾರಿಯಲ್ಲಿ ಗ್ಲೇ ನೋಡೋಕೆ ಎರಡು ಲಕ್ಷ ಜನ ಸೇರಿದ್ರು.

ಎಕ್ಸ್ ತರದ ಬ್ಯಾಂಡ್‌ಗಳ ಮೇಕಪ್, ಕೇಶಾಲಂಕಾರದ ‘ವಿಶುವಲ್ ಕೇಯ್’ ವೇಷ ಕಬುಕಿ ಅನ್ನೋ ಹಳೇ ಜಪಾನಿ ರಂಗಕಲೆಯಿಂದ ಬಂತು ಅಂತ ಬರೆಯೋರು ಬಹಳ. ನನಗೆ ಅದು ಒಪ್ಪಿಗೆ ಇಲ್ಲ. ಬ್ರಿಟನ್ನಿನ ಗ್ಲ್ಯಾಮ್, ಅಮೆರಿಕದ ಹೆವಿ ಮೆಟಲ್, ಟೈಗರ್ಸ್ ಬಿಟ್ಟ ಮೇಲೆ ಮೇಕಪ್ ಹಾಕಿ ಟೀವೀಲಿ ಹಾಡಿದ ಕೆಂಜಿ ಸವಾದಾ, ಇಷ್ಟು ಮೂಲಗಳು ಕಣ್ಣೆದುರೇ ಇವೆ. ಐದು ಬ್ಯಾಂಡ್ ಆಡೋ ರಾತ್ರೀಲಿ ಒಂದೇ ನೋಟಕ್ಕೆ ನೆನಪಲ್ಲಿ ಉಳೀಬೇಕಲ್ಲ, ಅದೂ ಒಂದು ಕಾರಣ.

ಡ್ರಮ್ಸ್ ನುಡಿಸೋರಿಗೆ ಒಂದು ಎಚ್ಚರಿಕೆ. ಯೊಶಿಕಿ ತರ ತಲೆ ಬೀಸ್ತಾ ಎರಡೂ ಕಾಲಲ್ಲಿ ಬೇಸ್ ಡ್ರಮ್ ಓಡಿಸೋದನ್ನ ನಕಲು ಮಾಡ್ಬೇಡಿ. ಕತ್ತಿನ ಮೂಳೆಗೆ ಅವರು 2009ರಲ್ಲಿ, ಮತ್ತೆ 2017ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸ್ಕೊಂಡಿದ್ದಾರೆ.

1989ರ ಫೆಬ್ರವರಿಯಿಂದ 1990ರ ಕೊನೆವರೆಗೆ ಟಿಬಿಎಸ್ ಟೀವೀಲಿ ‘ಇಕಾತೆನ್’ ಅನ್ನೋ ಬ್ಯಾಂಡ್ ಸ್ಪರ್ಧೆ ನಡೀತು. ತೀರ್ಪುಗಾರರಿಗೆ ಬೇಜಾರಾಗಿ ಗುಂಡಿ ಒತ್ತಿದ ಹಾಗೆಲ್ಲ ಬ್ಯಾಂಡಿನ ಚಿತ್ರ ಪರದೆ ಮೇಲೆ ಚಿಕ್ಕದಾಗ್ತಾ ಹೋಗ್ತಿತ್ತು. ಬಿಗಿನ್, ತಮಾ, ಬ್ಲ್ಯಾಂಕಿ ಜೆಟ್ ಸಿಟಿ ಅಲ್ಲಿಂದ ಬಂದವರು. ಆಮೇಲೆ 1997ರ ಫ್ಯೂಜಿ ರಾಕ್ ಹಬ್ಬ. ಮೊದಲ ವರ್ಷವೇ ಚಂಡಮಾರುತ ಬಡಿದು ಎರಡನೇ ದಿನ ರದ್ದಾಯ್ತು, 1999ರಿಂದ ನೀಗಾತಾದ ನಾಯೆಬಾದಲ್ಲಿ ನಡೀತಿದೆ.

ಈಗ ಅನಿಮೆ ಅಚ್ಚು. ಟೀವಿಯ ಆರಂಭಗೀತೆಗೆ ಸಿಗೋದು 90 ಸೆಕೆಂಡ್, ಸಂಗೀತಕ್ಕೆ 89. ಅಷ್ಟರಲ್ಲಿ ಮುನ್ನುಡಿ, ಎ-ಮೆಲೊ, ಬಿ-ಮೆಲೊ (ಹಾಡಿನ ಮೊದಲ ಎರಡು ಭಾಗ), ಸಾಬಿ ಎಲ್ಲ ಬರ್ಬೇಕು. ಸಾಬಿ ಅಂದ್ರೆ ನಮ್ಮ ಪಲ್ಲವಿ ಇದ್ದ ಹಾಗೆ, ಆದ್ರೆ ಕೊನೇಲಿ ಬರುತ್ತೆ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ಬಾರ್ 2 ಸೆಕೆಂಡ್, 89ಕ್ಕೆ 44 ಬಾರ್ ಸಿಗುತ್ತೆ. 180ಕ್ಕೆ ಏರಿಸಿದ್ರೆ 66. ಮುನ್ನುಡಿ 8, ಎ 16, ಬಿ 8, ಸಾಬಿ 16 ಹಾಕಿದ್ರೂ 48, ಇನ್ನೂ 18 ಬಾರ್ ಕೈಲಿದೆ. ಹಾಡು ಓಡೋದಕ್ಕೆ ಇದೊಂದು ಗಟ್ಟಿ ಕಾರಣ.

ಸಾಬಿಯ ಕಾರ್ಡ್ಸ್ ಬಹಳ ಸಲ ಸಿ ಮೇಜರ್ ಲೆಕ್ಕದಲ್ಲಿ ಎಫ್, ಜಿ, ಇ ಮೈನರ್, ಎ ಮೈನರ್. ಜಪಾನಿಯರು ಇದಕ್ಕೆ ರಾಜಮಾರ್ಗ ಅಂತಾರೆ. ಮನೆ ಕಾರ್ಡ್ ಸಿ ಮೇಜರ್ ಇಲ್ಲೆಲ್ಲೂ ಬರಲ್ಲ, ಅದಕ್ಕೇ ಸಾಲು ಮುಗಿದ್ರೂ ಇನ್ನೂ ಏನೋ ಬಾಕಿ ಇದೆ ಅನ್ಸುತ್ತೆ. ಇ ಮೈನರ್ ಬದಲು ಇ ಸೆವೆನ್ ಹಾಕಿ ನೋಡಿ, ಅದರ ಜಿ ಶಾರ್ಪ್ ಎ ಕಡೆಗೆ ಎಳೆಯುತ್ತೆ, ಕಣ್ಣೀರಿನ ಅಂಶ ಬರುತ್ತೆ.

ಏಷಿಯನ್ ಕುಂಗ್-ಫು ಜನರೇಷನ್ ತರದ ಗಿಟಾರ್ ಬೇಕಂದ್ರೆ ಆಕ್ಟೇವ್ ಹಿಡಿಯೋದು ಕಲೀರಿ. ಐದನೇ ತಂತಿ ಮೇಲೆ ತೋರುಬೆರಳು, ಎರಡು ಫ್ರೆಟ್ ಮುಂದೆ ಮೂರನೇ ತಂತಿ ಮೇಲೆ ಉಂಗುರಬೆರಳು. ನಡುವಿನ ನಾಲ್ಕನೇ ತಂತಿಯನ್ನ ತೋರುಬೆರಳಿನ ಹೊಟ್ಟೆಯಿಂದ ಮುಟ್ಟಿ ಸುಮ್ಮನಾಗಿಸಿ. ಹೊಸಬರು ತಪ್ಪೋದು ಇಲ್ಲೇ, ಆ ತಂತಿ ಮಿಡಿದ್ರೆ ಡಿಸ್ಟಾರ್ಷನ್‌ನಲ್ಲಿ ಎಲ್ಲ ಕಲಸಿಹೋಗುತ್ತೆ. ಆರನೇ ತಂತಿಗೆ ತೋರುಬೆರಳಿನ ತುದಿ ತಾಗಿರಲಿ, ಮೊದಲೆರಡು ತಂತಿಗೆ ಅದೇ ಬೆರಳು ಅಡ್ಡ ಮಲಗಿರಲಿ. ಪೆಡಲ್‌ಗೆ ಬಾಸ್‌ನ 1978ರ ಡಿಎಸ್-1 ಸಾಕು, ಬೆಂಗಳೂರಿನ ಗಿಟಾರ್ ಅಂಗಡಿಗಳಲ್ಲೂ ಸಿಗುತ್ತೆ. ಡಿಸ್ಟಾರ್ಷನ್ ಅರ್ಧಕ್ಕಿಂತ ಕೆಳಗೇ ಇಡಿ, ಎರಡು ಗಿಟಾರ್ ಒಟ್ಟಿಗೆ ಬಂದಾಗ ಅದೇ ಜಾಸ್ತಿ ಆಗುತ್ತೆ.

ಕಡಲತಡಿ

ಮೂವರಿಗೂ ಧನ್ಯವಾದ. ಕನ್ಸಾಯ್ ಫೋಕ್ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಹಳೇ ತಟ್ಟೆ ಸರ್, ಹ್ಯಾಪಿ ಎಂಡ್ ಹುಡುಕಿದರೆ ಒಂದೇ ಹೆಸರಿನ ಎರಡು ಆಲ್ಬಂ ಬರುತ್ತಿವೆ. ಯಾವುದು ಯಾವುದು? ಕೇಳುವ ಕ್ರಮವನ್ನೂ ಹೇಳಿ.

ಹಳೇ ತಟ್ಟೆ

ಎರಡೂ ಅವರವೇ. 1970ರದ್ದರ ಹೆಸರು ಜಪಾನಿ ಹಿರಾಗಾನ ಲಿಪಿಯಲ್ಲಿದೆ, 1973ರದ್ದು ರೋಮನ್ ಅಕ್ಷರದಲ್ಲಿ. ಮೊದಲನೆಯದರ ಮುಖಪುಟದ ಚಿತ್ರದಲ್ಲಿ ನೂಡಲ್ ಅಂಗಡಿಯ ಫಲಕ ಕಾಣುತ್ತದೆ, ‘ಯುದೆಮೆನ್’ ಎಂದು. ಅಭಿಮಾನಿಗಳು ಆಲ್ಬಮನ್ನೇ ಆ ಹೆಸರಿನಿಂದ ಕರೆಯುತ್ತಾರೆ. 1973ರದ್ದು ಲಾಸ್ ಏಂಜಲೀಸ್‌ನಲ್ಲಿ ಧ್ವನಿಮುದ್ರಣವಾದದ್ದು, ಅಮೆರಿಕದ ಸಂಗೀತಗಾರ ವ್ಯಾನ್ ಡೈಕ್ ಪಾರ್ಕ್ಸ್ ಜೊತೆಗಿದ್ದರು. ಅದು ಹೊರಬರುವ ಮೊದಲೇ ಬ್ಯಾಂಡ್ ಮುರಿದಿತ್ತು.

ಕ್ರಮಕ್ಕೆ ಜೋಡಿ ಜೋಡಿಯಾಗಿ ಕೇಳಿ. ಬ್ಲೂ ಕಾಮೆಟ್ಸ್‌ನ ‘ಬ್ಲೂ ಶಾಟೊ’ ಆದ ಕೂಡಲೇ ‘ಯುದೆಮೆನ್’. ‘ಸತೋರಿ’ ಆದ ಮೇಲೆ ‘ಕಜೆಮಾಚಿ ರೋಮನ್’, ಎರಡೂ ಒಂದೇ ವರ್ಷದವು, ‘ಮಾತ್ರಾಗಣ’ ಅವರು ಹೇಳಿದ ವಾಗ್ವಾದದ ಎರಡು ದಡ. ಆಮೇಲೆ ಸ್ಯಾಡಿಸ್ಟಿಕ್ ಮೀಕಾ ಬ್ಯಾಂಡಿನ 1974ರ ‘ಕುರೊಫುನೆ’. ಫೋಕ್ ಕ್ರುಸೇಡರ್ಸ್‌ನ ಕಜುಹಿಕೊ ಕಾತೊ ಕಟ್ಟಿದ ಬ್ಯಾಂಡ್ ಅದು, ನಿರ್ಮಾಪಕ ಇಂಗ್ಲೆಂಡಿನ ಕ್ರಿಸ್ ಥಾಮಸ್. ಅದರ ಡ್ರಮ್ಮರ್ ಯುಕಿಹಿರೊ ತಕಾಹಾಶಿ, ಹ್ಯಾಪಿ ಎಂಡ್‌ನ ಹೊಸೊನೊ ಇಬ್ಬರೂ ರ್ಯೂಯಿಚಿ ಸಕಾಮೊತೊ ಜೊತೆ ಸೇರಿ 1978ರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ವೈಎಂಒ (ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ) ಶುರು ಮಾಡಿದರು.

80ರ ದಶಕಕ್ಕೆ ಆರ್‌ಸಿ ಸಕ್ಸೆಷನ್‌ನ ‘ಕವರ್ಸ್’ ಬಿಡಬೇಡಿ. ಅದರಲ್ಲಿ ಅಣುವಿದ್ಯುತ್ ವಿರೋಧದ ಹಾಡುಗಳಿದ್ದವು. ತೊಶಿಬಾ ಇಎಂಐ 1988ರಲ್ಲಿ ಬಿಡುಗಡೆ ನಿಲ್ಲಿಸಿತು, ಮಾತೃಸಂಸ್ಥೆ ಅಣುಸ್ಥಾವರ ಕಟ್ಟುವ ಕಂಪನಿ. ಅದೇ ಆಗಸ್ಟ್‌ನಲ್ಲಿ ಕಿಟ್ಟಿ ಲೇಬಲ್‌ನಿಂದ ಹೊರಬಂತು. ಹಳೆಯ ಪ್ರತಿ ಕೊಳ್ಳುವುದಾದರೆ ಲೇಬಲ್ ಹೆಸರು ನೋಡಿಕೊಳ್ಳಿ. ಯಾವುದೇ ಜಪಾನಿ ಎಲ್‌ಪಿ ಆಗಲಿ, ಬದಿಗೆ ಸುತ್ತಿದ ಕಾಗದದ ಪಟ್ಟಿ ‘ಒಬಿ’ ಇದೆಯೇ ಎಂದು ಮಾರುವವರನ್ನು ಮೊದಲೇ ಕೇಳಿ. ಅದು ಇಲ್ಲದಿದ್ದರೆ ಬೆಲೆ ಇಳಿಯಬೇಕು.